ಎಐ ಏಜೆಂಟ್‌ಗೆ ಟೂಲ್ ಕೊಟ್ಟರೆ ಸಾಲದು, ಎಲ್ಲಿ ನಿಲ್ಲಿಸಬೇಕು ಅಂತಲೂ ಬರೆದಿಡಿ

(ಎಪಿಸೋಡ್‌ನ ಬರಹ ರೂಪ)

ಈ ವಾರದ ವಿಷಯ ಹುಟ್ಟಿದ್ದು ನನ್ನದೇ ಒಂದು ಎಡವಟ್ಟಿನಿಂದ.

ನಾನು ಓದಿದ್ದು ಬಿಕಾಂ. ಕೋಡಿಂಗ್ ಕಲಿತಿದ್ದು ಯೂಟ್ಯೂಬ್ ನೋಡಿ. ಪಾಡ್‌ಕಾಸ್ಟ್‌ನ ಲೆಕ್ಕಕ್ಕೆ ಅಂತ ಪೈಥಾನ್‌ನಲ್ಲಿ ಒಂದು ಚಿಕ್ಕ ಸ್ಕ್ರಿಪ್ಟ್ ಬರೆದುಕೊಂಡಿದ್ದೇನೆ. ತಿಂಗಳ ಜಾಹೀರಾತು ಆದಾಯದ ಫೈಲ್ ಓದಿ, ಆಡಿಯೊ ಎಡಿಟ್ ಮಾಡೋ ಗೆಳೆಯನಿಗೆ ಎಷ್ಟು ಕೊಡಬೇಕು ಅಂತ ಅದು ಹೇಳುತ್ತೆ. ಒಂದು ದಿನ ಎಐ ಕೋಡಿಂಗ್ ಏಜೆಂಟ್‌ಗೆ "ಇದರಲ್ಲಿರೋ ಲಿಂಟ್ ಎರರ್ ಎಲ್ಲಾ ತೆಗಿ" ಅಂದೆ. ಎರಡೇ ನಿಮಿಷದಲ್ಲಿ ಎರರ್ ಸೊನ್ನೆ. ಖುಷಿಯಾಯ್ತು.

ಮುಂದಿನ ತಿಂಗಳು ಒಂದೂ ಜಾಹೀರಾತು ಬರಲಿಲ್ಲ. ಫೈಲ್ ಖಾಲಿ. ಸ್ಕ್ರಿಪ್ಟ್ ಅರ್ಧಕ್ಕೇ ನಿಂತುಹೋಯ್ತು. ಆದಾಯ ಇಲ್ಲದಿದ್ರೂ ಗೆಳೆಯನಿಗೆ ಕೊಡಲೇಬೇಕಾದ ಮೊತ್ತ ಹೋಗಲಿಲ್ಲ. "ಬಾಡಿಗೆ ಕಟ್ಬೇಕು ಕಣೋ" ಅಂತ ಅವನು ಫೋನ್ ಮಾಡಿದಾಗಲೇ ನನಗೆ ಗೊತ್ತಾಗಿದ್ದು.

ಆಗಿದ್ದೇನು?

ಕೋಡ್ ಓದಿ ತಪ್ಪು ತೋರಿಸೋ ಟೂಲ್‌ಗೆ ಲಿಂಟರ್ ಅಂತಾರೆ. 1970ರ ದಶಕದಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಸ್ಟೀಫನ್ ಜಾನ್ಸನ್ ಬರೆದ 'ಲಿಂಟ್' ಅನ್ನೋ ಪ್ರೋಗ್ರಾಂನಿಂದ ಬಂದ ಹೆಸರು ಇದು. ಈಗಿನ ಲಿಂಟರ್‌ಗಳು ತೋರಿಸೋದಷ್ಟೇ ಅಲ್ಲ, ಎಷ್ಟೋ ತಪ್ಪುಗಳನ್ನ ತಾವೇ ತಿದ್ದುತ್ತವೆ. ಜಾವಾಸ್ಕ್ರಿಪ್ಟ್‌ಗೆ ಇಎಸ್‌ಲಿಂಟ್ ಇದೆ, ಪೈಥಾನ್‌ಗೆ ರಫ್ ಇದೆ. ನಾನು ಬಳಸೋದು ರಫ್.

ರಫ್ ತಿದ್ದುಪಡಿಗಳನ್ನ ಎರಡು ಗುಂಪು ಮಾಡುತ್ತೆ. ಕೋಡ್‌ನ ಅರ್ಥ ಬದಲಾಗದಂಥವು 'ಸೇಫ್'. ಅರ್ಥ ಬದಲಾಗಬಹುದಾದವು 'ಅನ್‌ಸೇಫ್'. ನೀವು ಬೇರೆ ಏನೂ ಹೇಳದೆ 'ಫಿಕ್ಸ್' ಅಂದ್ರೆ ಸೇಫ್ ಮಾತ್ರ ಆಗುತ್ತೆ. ಅನ್‌ಸೇಫ್ ಬೇಕಾದ್ರೆ ಬೇರೆ ಆಪ್ಷನ್ ಹಾಕಬೇಕು.

ಫೈಲ್‌ನ ಮೊದಲ ಸಾಲು ಬೇಕಾದಾಗ ನಾನು ಎಲ್ಲವನ್ನೂ ಲಿಸ್ಟ್ ಮಾಡಿ ಮೊದಲನೇದನ್ನ ತೆಗೀತಿದ್ದೆ. ಒಂದು ಸಾಲಿಗೆ ಇಡೀ ಲಿಸ್ಟ್ ಯಾಕೆ, 'ನೆಕ್ಸ್ಟ್' ಬಳಸು ಅನ್ನೋದು ರಫ್‌ನ ಸಲಹೆ. ಸರಿಯಾದ ಸಲಹೆಯೇ. ಆದ್ರೆ ಏನೂ ಇಲ್ಲದಾಗ ಹಳೇ ರೀತಿ 'ಇಂಡೆಕ್ಸ್ ಎರರ್' ಕೊಡುತ್ತೆ, ಹೊಸದು 'ಸ್ಟಾಪ್ ಇಟರೇಶನ್' ಕೊಡುತ್ತೆ. ಇಂಡೆಕ್ಸ್ ಎರರ್ ಬಂದ್ರೆ ಆದಾಯ ಸೊನ್ನೆ ಅಂತ ಲೆಕ್ಕ ಹಿಡಿಯೋ ಹಾಗೆ ನಾನು ಬರೆದಿದ್ದೆ. ಹೊಸ ಎರರ್‌ನ ಹಿಡಿಯೋರೇ ಇರಲಿಲ್ಲ.

ವಿಚಿತ್ರ ಅಂದ್ರೆ, ಅನ್‌ಸೇಫ್ ಅಂದ್ರೇನು ಅಂತ ವಿವರಿಸೋಕೆ ರಫ್‌ನವರು ತಮ್ಮ ಡಾಕ್ಯುಮೆಂಟೇಶನ್‌ನಲ್ಲಿ ಕೊಟ್ಟಿರೋದು ಇದೇ ಉದಾಹರಣೆ. ಟೂಲ್ ಎಚ್ಚರಿಸಿತ್ತು. ಏಜೆಂಟ್ ಮಾತ್ರ ಆ ಆಪ್ಷನ್ ಹಾಕಿಬಿಟ್ಟಿತ್ತು, ಯಾಕಂದ್ರೆ ನಾನು "ಎಲ್ಲಾ" ಅಂದಿದ್ದೆ. ಅದಕ್ಕಾಗಿ ನಾನು ಬರೆದಿಟ್ಟಿದ್ದ ಫೈಲ್‌ನಲ್ಲಿ ಇದ್ದದ್ದು ಒಂದೇ ಸಾಲು: "ಕೆಲಸ ಮುಗಿದ ಮೇಲೆ ರಫ್ ಓಡಿಸು."

ಏನು ಬರೆದಿಡಬೇಕು?

ಏಜೆಂಟ್‌ಗಳು ಕೆಲಸ ಶುರು ಮಾಡೋ ಮೊದಲು ಪ್ರಾಜೆಕ್ಟ್‌ನಲ್ಲಿರೋ ಒಂದು ಸೂಚನೆ ಫೈಲ್ ಓದುತ್ತವೆ. ಹಲವು ಏಜೆಂಟ್‌ಗಳಿಗೆ ಅದು 'ಏಜೆಂಟ್ಸ್ ಡಾಟ್ ಎಂಡಿ', ಕ್ಲಾಡ್ ಕೋಡ್‌ಗೆ 'ಕ್ಲಾಡ್ ಡಾಟ್ ಎಂಡಿ'. ಈಗ ನನ್ನ ಫೈಲ್‌ನಲ್ಲಿ ಐದು ವಿಷಯ ಇವೆ.

ಒಂದು, ಪೂರ್ತಿ ಕಮಾಂಡ್. "ರಫ್ ಓಡಿಸು" ಅಂದ್ರೆ ಸಾಲದು. ಯಾವ ಫೋಲ್ಡರ್‌ನಲ್ಲಿ, ಯಾವ ಆಪ್ಷನ್ ಜೊತೆ ಅನ್ನೋದು ಅಕ್ಷರ ಬಿಡದೆ ಇರಬೇಕು.

ಎರಡು, ಮೊದಲು ತೋರಿಸು, ಆಮೇಲೆ ತಿದ್ದು. ರಫ್‌ನಲ್ಲಿ 'ಡಿಫ್' ಆಪ್ಷನ್ ಹಾಕಿದ್ರೆ ಫೈಲ್ ಮುಟ್ಟದೆ ಏನೇನು ಬದಲಾಗುತ್ತೆ ಅಂತ ತೋರಿಸುತ್ತೆ.

ಮೂರು, ಫಲಿತಾಂಶದ ಅರ್ಥ. ಓಡಿ ಮುಗಿದಾಗ ರಫ್ ಒಂದು ಸಂಖ್ಯೆ ಕೊಡುತ್ತೆ. 0 ಅಂದ್ರೆ ತಪ್ಪು ಉಳಿದಿಲ್ಲ. 1 ಅಂದ್ರೆ ಉಳಿದಿದೆ. 2 ಅಂದ್ರೆ ಸೆಟ್ಟಿಂಗ್ ಗಿಟ್ಟಿಂಗ್ ಕೆಟ್ಟು ಟೂಲೇ ಸರಿಯಾಗಿ ಓಡಿಲ್ಲ. 2 ಬಂದಾಗ ಕೋಡ್ ತಿದ್ದೋಕೆ ಹೋಗಬೇಡ ಅಂತ ಬರೆದಿದ್ದೇನೆ.

ನಾಲ್ಕು, ಮಾಡಬಾರದ್ದು. ಅನ್‌ಸೇಫ್ ಇದ್ರೆ ನಿಲ್ಲಿಸು, ನನ್ನ ಕೇಳು. 'ನೋಕ್ಯೂಎ' ಅಂತ ಸಾಲಿನ ಕೊನೆಗೆ ಸೇರಿಸಿ ಎರರ್ ಮುಚ್ಚಿಹಾಕಬೇಡ. ಕಾಮರ್ಸ್‌ನವರಿಗೆ ಇದು ಬೇಗ ಅರ್ಥ ಆಗುತ್ತೆ. ಟ್ರಯಲ್ ಬ್ಯಾಲೆನ್ಸ್ ತಾಳೆ ಆಗದಿದ್ರೆ ವ್ಯತ್ಯಾಸವನ್ನ ಸಸ್ಪೆನ್ಸ್ ಅಕೌಂಟ್‌ಗೆ ಹಾಕ್ತೀವಲ್ಲ, ಹಾಗೇ. ಎರಡೂ ಕಡೆ ಮೊತ್ತ ಸರಿಹೋಗುತ್ತೆ, ತಪ್ಪು ಮಾತ್ರ ಒಳಗೇ ಇರುತ್ತೆ.

ಐದು, ಕೊನೆಯಲ್ಲಿ ಟೆಸ್ಟ್. ಲಿಂಟರ್ ನೋಡೋದು ಕೋಡ್ ಬರೆದ ರೀತಿ. ದುಡ್ಡಿನ ಲೆಕ್ಕ ಸರಿ ಇದೆಯಾ ಅಂತ ಅದಕ್ಕೆ ಗೊತ್ತಿಲ್ಲ. ಖಾಲಿ ಫೈಲ್ ಕೊಟ್ಟು ನೋಡೋ ಒಂದು ಟೆಸ್ಟ್ ಇದ್ದಿದ್ರೆ ಅವತ್ತೇ ಸಿಕ್ಕಿಬೀಳ್ತಿತ್ತು.

ಎಲ್ಲಾ ಸೇರಿ ಇಪ್ಪತ್ತು ಸಾಲು. ಉದ್ದ ಬೇಡ. ಏಜೆಂಟ್ ಇದನ್ನ ಪ್ರತಿ ಸಲ ಓದುತ್ತೆ, ಬೇಡದ್ದು ತುಂಬಿದ್ರೆ ಬೇಕಾದ್ದು ಅದರಲ್ಲಿ ಕಳೆದುಹೋಗುತ್ತೆ. ಇನ್ನೊಂದು ಮಾತು: ಬರೆದಿಟ್ಟ ಮಾತ್ರಕ್ಕೆ ಏಜೆಂಟ್ ಪಾಲಿಸೇ ಪಾಲಿಸುತ್ತೆ ಅನ್ನೋ ಗ್ಯಾರಂಟಿ ಇಲ್ಲ. ಅದಕ್ಕೇ ಬದಲಾವಣೆಗಳನ್ನ ನಾನೂ ಒಮ್ಮೆ ನೋಡ್ತೀನಿ.

ಗೆಳೆಯನ ದುಡ್ಡು ಅವತ್ತೇ ಕಳಿಸಿದೆ. ಈ ಎಪಿಸೋಡ್ ಎಡಿಟ್ ಮಾಡಿದ್ದೂ ಅವನೇ. ನಿಮ್ಮ ಏಜೆಂಟ್ ಏನಾದ್ರೂ ಹೀಗೆ ಮಾಡಿದ್ರೆ ವಾಯ್ಸ್ ನೋಟ್ ಕಳಿಸಿ, ಮುಂದಿನ ವಾರ ಕೇಳೋಣ.