ಗುರುತ್ವದ ವ್ಯತ್ಯಾಸವೂ ಭೂಕಂಪಗಳ ಉಗಮಸ್ಥಾನವೂ

ಭೂಮಿಯು ಸಕಲ ವಸ್ತುಗಳನ್ನೂ ತನ್ನೆಡೆಗೆ ಸೆಳೆಯುವುದೆಂಬುದು ಶಾಲೆಯ ಬಾಲಕರೂ ಬಲ್ಲ ಸಂಗತಿ. ಆದರೆ ಈ ಸೆಳೆತವು ಎಲ್ಲ ಸ್ಥಳಗಳಲ್ಲಿಯೂ ಎಲ್ಲ ಕಾಲದಲ್ಲಿಯೂ ಒಂದೇ ಪ್ರಮಾಣದಲ್ಲಿರುವುದಿಲ್ಲ. ಭೂಗರ್ಭದಲ್ಲಿ ದ್ರವ್ಯವು ಸ್ಥಳಾಂತರ ಹೊಂದಿದರೆ ಸೆಳೆತವೂ ಬದಲಾಗಲೇಬೇಕು. ಭೂಕಂಪದಲ್ಲಿ ನಡೆಯುವುದಾದರೂ ಅಪಾರ ಶಿಲಾರಾಶಿಯ ಚಲನೆಯೇ. ಹೀಗಿರಲು, ಗುರುತ್ವದ ವ್ಯತ್ಯಾಸವನ್ನು ಅಳೆದು ಕಂಪದ ಉಗಮಸ್ಥಾನವನ್ನು ಅರಿಯಬಹುದೆ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ.

ಮೊದಲು ಈ ವ್ಯತ್ಯಾಸಗಳ ಪ್ರಮಾಣವನ್ನು ನೋಡೋಣ. ಬೆಂಗಳೂರಿನ ಉತ್ತರದಲ್ಲಿ, ಯಲಹಂಕದ ಕಡೆಯ ಸಿಂಗಾಪುರದಲ್ಲಿ, ಒಂದು ಗುರುತ್ವಮಾಪಕವನ್ನು ಇಟ್ಟಿರುವೆವೆಂದು ಭಾವಿಸಿರಿ. ಅಲ್ಲಿ ಮೇಲಿನಿಂದ ಬೀಳುವ ಕಲ್ಲಿನ ವೇಗವು ಪ್ರತಿ ಸೆಕೆಂಡಿನಲ್ಲಿಯೂ ಸೆಕೆಂಡಿಗೆ ಸುಮಾರು 978 ಸೆಂಟಿಮೀಟರಿನಂತೆ ಹೆಚ್ಚುತ್ತದೆ. ಒಂದು ಸೆಂಟಿಮೀಟರಿನಷ್ಟು ಹೆಚ್ಚುವಿಕೆಗೆ, ಗೆಲಿಲಿಯೋವಿನ ಸ್ಮರಣಾರ್ಥವಾಗಿ, ‘ಗ್ಯಾಲ್’ ಎಂದು ಹೆಸರು. ಅದರ ಹತ್ತು ಲಕ್ಷದಲ್ಲಿ ಒಂದು ಪಾಲು ಮೈಕ್ರೊಗ್ಯಾಲ್. ಮಾಪಕವನ್ನು ಮೂರು ಮೀಟರು ಮೇಲಕ್ಕೆ ಒಯ್ದರೆ ಗುರುತ್ವವು ಸುಮಾರು 900 ಮೈಕ್ರೊಗ್ಯಾಲಿನಷ್ಟು ತಗ್ಗುವುದು. ಸೂರ್ಯಚಂದ್ರರ ಆಕರ್ಷಣೆಯಿಂದ ಒಂದೇ ದಿನದಲ್ಲಿ ನೂರಿನ್ನೂರು ಮೈಕ್ರೊಗ್ಯಾಲಿನ ಏರಿಳಿತ ಉಂಟಾಗುವುದು. ನೆಲದ ಹತ್ತನೆಯ ಒಂದು ಪಾಲು ರಂಧ್ರಮಯವಾಗಿದ್ದು, ಮಳೆಗಾಲದಲ್ಲಿ ಅಂತರ್ಜಲವು ಒಂದು ಮೀಟರು ಏರಿದರೆ, ಅದರಿಂದಲೇ ಸುಮಾರು 4 ಮೈಕ್ರೊಗ್ಯಾಲ್ ಹೆಚ್ಚುವುದು. ಇವೆಲ್ಲವನ್ನೂ ಕಳೆದ ಮೇಲಲ್ಲದೆ ಭೂಕಂಪದ ಮಾತನ್ನು ಎತ್ತುವಂತಿಲ್ಲ.

ಉಗಮಸ್ಥಾನವನ್ನು ಗೊತ್ತುಪಡಿಸುವ ರೂಢಿಯ ಮಾರ್ಗವು ಕಂಪದ ಅಲೆಗಳದು. ಬೆಂಗಳೂರಿನ ಉತ್ತರಕ್ಕಿರುವ ಗೌರಿಬಿದನೂರಿನಲ್ಲಿ ಭಾರತದ ಪರಮಾಣುಶಕ್ತಿ ಇಲಾಖೆಯು 1965ರಲ್ಲಿ, ಬ್ರಿಟನ್ನಿನ ಸಹಕಾರದೊಡನೆ, ಭೂಕಂಪಮಾಪಕಗಳ ಒಂದು ಸಾಲನ್ನು ಸ್ಥಾಪಿಸಿತು. ಭೂಗರ್ಭದಲ್ಲಿ ನಡೆಯುವ ಅಣುಸ್ಫೋಟಗಳನ್ನು ಪತ್ತೆಹಚ್ಚುವುದು ಅದರ ಮುಖ್ಯೋದ್ದೇಶ. ಎರಡು ಬಾಹುಗಳಾಗಿ ಹರಡಿರುವ ಮಾಪಕಗಳಿಗೆ ಅಲೆಯು ಬೇರೆಬೇರೆ ಗಳಿಗೆಯಲ್ಲಿ ತಲಪುತ್ತದೆ. ಆ ಅಂತರದಿಂದ ಅದು ಬಂದ ದಿಕ್ಕನ್ನು ಗಣಿಸುತ್ತಾರೆ. ಆದರೆ ಅಲೆಗೆ ಪ್ರಯಾಣಕಾಲ ಬೇಕು. 2004ರ ಡಿಸೆಂಬರ್ 26ರ ಸುಮಾತ್ರಾ ಕಂಪದ ಮೂಲವು ಗೌರಿಬಿದನೂರಿಗೆ ಸುಮಾರು 2,300 ಕಿಲೋಮೀಟರು ದೂರ. ಅತ್ಯಂತ ವೇಗದ ಅಲೆಗೂ ಈ ದಾರಿ ಐದು ನಿಮಿಷಕ್ಕೆ ತುಸು ಕಡಿಮೆಯಾದುದು. ಗುರುತ್ವದ ಬದಲಾವಣೆಯಾದರೋ ಬೆಳಕಿನ ವೇಗದಲ್ಲಿ ಹಬ್ಬುವುದರಿಂದ, ಅದಕ್ಕೆ ಸೆಕೆಂಡಿನ ನೂರನೆಯ ಒಂದು ಪಾಲೂ ಬೇಡ.

ಇದು ಬರಿಯ ಊಹೆಯಲ್ಲ. 2011ರ ಮಾರ್ಚ್ 11ರಂದು ಜಪಾನಿನಲ್ಲಿ ಸಂಭವಿಸಿದ ತೊಹೋಕು ಮಹಾಕಂಪದ ದಾಖಲೆಗಳಲ್ಲಿ, ಮೊದಲ ಅಲೆ ಮುಟ್ಟುವುದಕ್ಕೆ ಮುಂಚಿನ ಅತಿ ಕ್ಷೀಣವಾದ ಗುರುತ್ವಸಂಕೇತವನ್ನು ವಿಜ್ಞಾನಿಗಳು 2016 ಮತ್ತು 2017ರಲ್ಲಿ ಪ್ರಕಟಿಸಿದರು. ಅದು ಒಂದು ಮೈಕ್ರೊಗ್ಯಾಲಿಗಿಂತಲೂ ಕಡಿಮೆ. ಗುರುತ್ವವು ಬದಲಾದೊಡನೆ ಮಾಪಕದ ಕೆಳಗಣ ನೆಲವೂ ಅದಕ್ಕೆ ಮಣಿದು ಚಲಿಸುವುದರಿಂದ, ಮಾಪಕವು ಕಾಣುವುದು ಇವೆರಡರ ಅಂತರವನ್ನು ಮಾತ್ರ. ಆದಕಾರಣ ಮಹಾಕಂಪಗಳಲ್ಲಿ ಮಾತ್ರ ಈ ಸಂಕೇತವು ಕೈಗೆ ಸಿಕ್ಕುವುದು. ಕಂಪವು ಕಳೆದ ಮೇಲೆ ಉಳಿಯುವ ಬದಲಾವಣೆಯು ಇದಕ್ಕಿಂತ ಹಿರಿದು. ಸುಮಾತ್ರಾ ಕಂಪದ ತರುವಾಯ ‘ಗ್ರೇಸ್’ ಎಂಬ ಜೋಡಿ ಉಪಗ್ರಹಗಳು ಆ ಪ್ರದೇಶದಲ್ಲಿ ಸುಮಾರು 15 ಮೈಕ್ರೊಗ್ಯಾಲಿನ ಹೆಚ್ಚಳವನ್ನೂ ಇಳಿತವನ್ನೂ ಗುರುತಿಸಿದುವು. ಸಮುದ್ರತಳವು ಏರಿಳಿದುದೂ, ಶಿಲೆಯು ಹಿಗ್ಗಿ ಸಾಂದ್ರತೆ ಬದಲಾದುದೂ ಇದಕ್ಕೆ ಕಾರಣ.

ನಮ್ಮ ನೆರೆಯ ಕೊಯ್ನಾ ಪ್ರದೇಶದಲ್ಲಿ ಗುರುತ್ವವು ಬೇರೊಂದು ಬಗೆಯಲ್ಲಿ ನೆರವಾಗಿದೆ. ಕೊಯ್ನಾ ಹೊಳೆಯು ಕರಾಡದಲ್ಲಿ ಕೃಷ್ಣೆಯನ್ನು ಕೂಡಿ, ಆ ನೀರೇ ಮುಂದೆ ನಮ್ಮ ನಾಡಿಗೆ ಹರಿಯುತ್ತದೆ. ಅಲ್ಲಿನ ಜಲಾಶಯವು ತುಂಬತೊಡಗಿದ ಕೆಲವು ವರ್ಷಗಳಲ್ಲಿ, 1967ರ ಡಿಸೆಂಬರಿನಲ್ಲಿ, 6.3 ಪ್ರಮಾಣದ ಕಂಪವು ಸಂಭವಿಸಿತು. ಬಿರುಕುಗಳು ಅಡಗಿರುವುದು ಕಪ್ಪುಶಿಲೆಯ ದಪ್ಪ ಹೊದಿಕೆಯ ಅಡಿಯಲ್ಲಿ. ಮೇಲಣ ಬಸಾಲ್ಟು ಅಡಿಯ ಗ್ರಾನೈಟಿಗಿಂತ ಭಾರವಾದುದರಿಂದ, ಸ್ಥಳದಿಂದ ಸ್ಥಳಕ್ಕೆ ಗುರುತ್ವವು ವ್ಯತ್ಯಾಸವಾಗುವ ರೀತಿಯಿಂದ ಮರೆಯಾದ ರಚನೆಯನ್ನು ಊಹಿಸಬಹುದು. ಇಲ್ಲಿ ಅಳೆಯುವುದು ಕಾಲದ ವ್ಯತ್ಯಾಸವನ್ನಲ್ಲ, ಸ್ಥಳದ ವ್ಯತ್ಯಾಸವನ್ನು ಎಂಬುದನ್ನು ವಿದ್ಯಾರ್ಥಿಗಳು ಲಕ್ಷಿಸಬೇಕು.

ಈ ವಿಧಾನಕ್ಕೆ ಮೂಲಭೂತವಾದ ಒಂದು ಮಿತಿಯುಂಟು. ಆಳದಲ್ಲಿರುವ ದೊಡ್ಡ ರಾಶಿಯೂ ಮೇಲೆ ಹರಡಿದ ಚಿಕ್ಕ ರಾಶಿಯೂ ನೆಲದ ಮೇಲೆ ಒಂದೇ ಸೆಳೆತವನ್ನು ತೋರಬಲ್ಲವು. ಗುರುತ್ವವೊಂದೇ ಸಾಕ್ಷಿಯಾದರೆ ತೀರ್ಪು ನಿಲ್ಲದು. ಅಲೆಗಳ ಸಾಕ್ಷ್ಯವೂ ಕೊರೆದು ತೆಗೆದ ಶಿಲೆಯ ಸಾಕ್ಷ್ಯವೂ ಅದರೊಡನೆ ಕೂಡಬೇಕು. ಕಂಪವನ್ನು ಮುಂದಾಗಿ ನುಡಿಯುವ ಶಕ್ತಿಯಂತೂ ಇದಕ್ಕೆ ಇನ್ನೂ ಬಂದಿಲ್ಲ. 1993ರ ಸೆಪ್ಟೆಂಬರ್ 30ರಂದು, ನಮ್ಮ ಗಡಿಗೆ ದೂರವಲ್ಲದ ಕಿಲ್ಲಾರಿಯಲ್ಲಿ, ಸುಮಾರು ಹತ್ತು ಸಾವಿರ ಮಂದಿ ಮಡಿದರು. ಆ ನೆಲವನ್ನೂ ಅಚಲವೆಂದೇ ಎಣಿಸಿದ್ದರು. ಸಿಂಗಾಪುರದ ಬಾವಿಯ ನೀರು ಒಂದು ಮೀಟರು ಏರಿದುದನ್ನೂ ಕಾಣಬಲ್ಲ ಉಪಕರಣವು ನಮ್ಮ ಬಳಿ ಇರುವಾಗ, ಪ್ರಸ್ಥಭೂಮಿಯು ಗಟ್ಟಿಯೆಂಬ ನಂಬಿಕೆಯಲ್ಲಿ ಸುಮ್ಮನಿರದೆ, ಅದನ್ನು ಅಳೆದು ನೋಡುತ್ತಿರುವುದೇ ಉಚಿತ.