ಐತಿಹ್ಯವೂ ಇತಿಹಾಸವೂ

ದೊಡ್ಡಬಳ್ಳಾಪುರ ತಾಲ್ಲೂಕಿನ ಘಾಟಿ ಸುಬ್ರಹ್ಮಣ್ಯ ಕ್ಷೇತ್ರದಲ್ಲಿ ಪುಷ್ಯ ಶುದ್ಧ ಷಷ್ಠಿಯ ಬ್ರಹ್ಮರಥೋತ್ಸವದ ಕಾಲಕ್ಕೆ ನೆರೆಯುವ ದನಗಳ ಜಾತ್ರೆಯು ನಮ್ಮ ನಾಡಿನ ಹೆಸರಾದ ಜಾತ್ರೆಗಳಲ್ಲೊಂದು. ಹಳ್ಳಿಕಾರ್ ತಳಿಯ ಎತ್ತುಗಳ ಜೋಡಿ ಎಷ್ಟೇ ಅಂದವಾಗಿರಲಿ, ಹಲ್ಲು ನೋಡಿ ವಯಸ್ಸು ತಿಳಿಯದೆ ಯಾವ ರೈತನೂ ಅಲ್ಲಿ ಹಣದ ಗಂಟು ಬಿಚ್ಚುವುದಿಲ್ಲ. ಆದರೆ ಅದೇ ಜಾತ್ರೆಯಲ್ಲಿ ಬಾಯಿಂದ ಬಾಯಿಗೆ ಹರಿದಾಡುವ ಕಥೆಗಳ ಹಲ್ಲನ್ನು ನೋಡುವವರು ವಿರಳ. ಇಂಥ ಕಥೆಗಳಿಗೆ ದಂತಕಥೆಗಳೆಂದೇ ಹೆಸರಿರುವುದು ಒಂದು ವಿನೋದ.

ಪ್ರಾಮಾಣ್ಯವು ಸಂದಿಗ್ಧವಾಗಿರುವ ಕಥೆಗಳಿಗೆ ನಮ್ಮ ನುಡಿಯಲ್ಲಿ ಶಬ್ದದಾರಿದ್ರ್ಯವೇನೂ ಇಲ್ಲ. ಮೋಸದ ಉದ್ದೇಶದಿಂದ ಹೆಣೆದದ್ದು ಕಟ್ಟುಕಥೆ. ಮೂಲ ತಿಳಿಯದೆ ಊರಲ್ಲಿ ಹಬ್ಬುವುದು ವದಂತಿ. ಮಕ್ಕಳನ್ನು ಮಲಗಿಸಲು ಹೇಳುವುದು ಅಡಗೂಲಜ್ಜಿಯ ಕಥೆ. ಕ್ಷೇತ್ರದ ಮಹಿಮೆಯನ್ನು ಸಾರುವುದು ಸ್ಥಳಪುರಾಣ. ಇಷ್ಟು ಸಾಲದೆಂಬಂತೆ ಕ್ರಿಯಾಪದದ ಕೊನೆಗೆ ‘ಅಂತೆ’ ಎಂಬ ಎರಡಕ್ಷರವನ್ನು ಸೇರಿಸಿ, ‘ನಾನು ಕಂಡವನಲ್ಲ, ಕೇಳಿದವನು’ ಎಂದು ತಿಳಿಸುವ ಸೌಕರ್ಯವೂ ನಮಗುಂಟು. ಓದುಬರಹವರಿಯದ ಒಕ್ಕಲಿಗನೂ ‘ಮಳೆ ಬಂತು’, ‘ಮಳೆ ಬಂತಂತೆ’ ಎಂಬೆರಡನ್ನು ಎಂದಿಗೂ ಬೆರೆಸುವುದಿಲ್ಲ.

ಇವೆಲ್ಲಕ್ಕೂ ಗಂಭೀರವಾದ ಶಬ್ದ ‘ಐತಿಹ್ಯ’. ‘ಇತಿಹ’, ಎಂದರೆ ‘ಹೀಗಂತೆ’ ಎಂಬುದರಿಂದ ಇದು ಹುಟ್ಟಿತೆಂಬುದನ್ನು ಪಾಣಿನಿಯ ಸೂತ್ರವೇ ತಿಳಿಸುತ್ತದೆ. ಇತಿಹಾಸವಾದರೋ ‘ಹೀಗೆಯೇ ಇತ್ತು’ ಎಂಬುದು. ಒಂದೇ ಬೇರಿನ ಈ ಎರಡು ಶಬ್ದಗಳ ನಡುವಣ ಅಂತರವು ಅಲ್ಪವಾಗಿ ಕಂಡರೂ ಅದರಲ್ಲಿಯೇ ಸಮಸ್ತ ವಿವೇಕವೂ ಅಡಗಿದೆ. ಪೌರಾಣಿಕರು ಐತಿಹ್ಯವನ್ನು ಪ್ರತ್ಯೇಕ ಪ್ರಮಾಣವೆಂದು ಎಣಿಸಿದರು. ನೈಯಾಯಿಕರು ಒಪ್ಪಲಿಲ್ಲ. ಈ ಆಲದ ಮರದಲ್ಲಿ ಯಕ್ಷನಿದ್ದಾನೆಂದು ಎಲ್ಲರೂ ಹೇಳುತ್ತಾರೆ; ಮೊದಲು ಹೇಳಿದವನಾರೆಂದು ಯಾರೂ ಅರಿಯರು. ಆ ಮೊದಲಿಗನು ಆಪ್ತನೆಂದು ತಿಳಿದರೆ ಅದು ಶಬ್ದಪ್ರಮಾಣದಲ್ಲಿಯೇ ಅಡಗುತ್ತದೆ; ತಿಳಿಯದಿದ್ದರೆ ಪ್ರಮಾಣವೇ ಅಲ್ಲ. ಐರೋಪ್ಯರ ವಿಮರ್ಶಾಪದ್ಧತಿಯು ನಮ್ಮಲ್ಲಿಗೆ ಬರುವುದಕ್ಕೆ ಎಷ್ಟೋ ಶತಮಾನಗಳ ಮೊದಲೇ ನಮ್ಮವರು ಮಾಡಿಟ್ಟ ವಿವೇಚನೆಯಿದು.

ಈ ಒರೆಗಲ್ಲಿನ ಮೇಲೆ ಘಾಟಿಯ ಕಥೆಗಳನ್ನೇ ಉಜ್ಜಿ ನೋಡೋಣ. ಗರ್ಭಗುಡಿಯಲ್ಲಿ ಒಂದೇ ಶಿಲೆಯ ಮುಂಬದಿಯಲ್ಲಿ ಪೂರ್ವಾಭಿಮುಖನಾದ ಸುಬ್ರಹ್ಮಣ್ಯನೂ ಹಿಂಬದಿಯಲ್ಲಿ ಪಶ್ಚಿಮಾಭಿಮುಖನಾದ ನರಸಿಂಹನೂ ಇರುವುದು, ಹಿಂದಿಟ್ಟ ಕನ್ನಡಿಯಲ್ಲಿ ನರಸಿಂಹನ ದರ್ಶನವಾಗುವುದು ಪ್ರತ್ಯಕ್ಷ. ಗರುಡನ ಭಯದಿಂದ ಸರ್ಪಕುಲವನ್ನು ರಕ್ಷಿಸಲು ನರಸಿಂಹನು ಅಲ್ಲಿ ನೆಲಸಿದನೆಂಬುದು ಸ್ಥಳಪುರಾಣ. ಕುಕ್ಕೆ, ಘಾಟಿ, ನಾಗಲಮಡಿಕೆಗಳು ಕ್ರಮವಾಗಿ ಆದಿ, ಮಧ್ಯ, ಅಂತ್ಯ ಸುಬ್ರಹ್ಮಣ್ಯ ಕ್ಷೇತ್ರಗಳೆಂಬುದು ಭಕ್ತರ ನಂಬಿಕೆ. ಇವುಗಳಿಗೆ ಶಾಸನಾಧಾರವನ್ನು ಕೇಳುವುದು ಅರಸಿಕತನ.

ಆದರೆ ಕ್ಷೇತ್ರಕ್ಕೆ ಆರುನೂರು ವರ್ಷಗಳ ಇತಿಹಾಸವಿದೆಯೆಂದೂ, ಗುಡಿಯನ್ನು ಮೊದಲು ಕಟ್ಟಿಸಿದವರು ಸಂಡೂರಿನ ಘೋರ್ಪಡೆ ಅರಸರೆಂದೂ ಒಂದೇ ಉಸಿರಿನಲ್ಲಿ ಹೇಳಿದಾಗ ನಾವು ಸುಮ್ಮನಿರಲಾಗದು. ಘೋರ್ಪಡೆಯವರ ಕೈಗೆ ಸಂಡೂರು ಬಂದುದೇ 18ನೆಯ ಶತಮಾನದಲ್ಲಿ. ಆದುದರಿಂದ ಆರಾಧನೆಯು ಹಳೆಯದಾಗಿದ್ದು ಅವರು ಜೀರ್ಣೋದ್ಧಾರ ಮಾಡಿಸಿದವರಾಗಿರಬೇಕು, ಇಲ್ಲವೆ ಆರುನೂರು ವರ್ಷವೆಂಬುದು ಅತಿಶಯವಾಗಿರಬೇಕು. ಎರಡೂ ಮಾತು ಹಾಗೆಯೇ ನಿಲ್ಲಲಾರವು. ಇಲ್ಲಿ ದೇವರ ಮಹಿಮೆಗೆ ಕುಂದಿಲ್ಲ. ಲೆಕ್ಕಕ್ಕೆ ಮಾತ್ರ ಕುಂದು.

ದೊಡ್ಡಬಳ್ಳಾಪುರದ ಹೆಸರಿನ ವಿಷಯವೂ ಹೀಗೆಯೇ. ಹಸುವೊಂದು ದಿನವೂ ಹುತ್ತದ ಮೇಲೆ ಒಂದು ಬಳ್ಳ ಹಾಲನ್ನು ಸುರಿಸುತ್ತಿತ್ತಂತೆ. ಅದನ್ನು ಕಂಡು ಅಲ್ಲಿ ಊರು ಕಟ್ಟಿದರಂತೆ. ಹುತ್ತಕ್ಕೆ ಹಾಲೆರೆಯುವ ಹಸುವು ತಿರುಪತಿಯಲ್ಲಿಯೂ ಉಂಟು, ಇನ್ನೂ ಹತ್ತಾರು ಊರುಗಳಲ್ಲಿಯೂ ಉಂಟು. ಹಲವು ಊರುಗಳಿಗೆ ಸಮನಾಗಿ ಸಲ್ಲುವ ಕಥೆಯು ಯಾವ ಒಂದೂರಿನ ಚರಿತ್ರೆಯೂ ಆಗಲಾರದು. ಅದು ಗೋವನ್ನೂ ನಾಗನನ್ನೂ ಪೂಜಿಸಿದ ಜನದ ಹೃದಯದ ಚರಿತ್ರೆ. ಇನ್ನು ಹೊಯ್ಸಳ ಬಲ್ಲಾಳನು ಮುದುಕಿಯೊಬ್ಬಳು ಕೊಟ್ಟ ಬೆಂದ ಕಾಳನ್ನು ತಿಂದುದರಿಂದ ಬೆಂದಕಾಳೂರು ಎಂದಾಯಿತೆಂಬ ಮಾತು ಮಕ್ಕಳ ನಾಲಗೆಯಲ್ಲಿಯೂ ಇದೆ. ಇಮ್ಮಡಿ ವೀರಬಲ್ಲಾಳನು ಆಳಿದುದು 1173ರಿಂದ 1220ರವರೆಗೆ. ಬೇಗೂರಿನ ನಾಗೇಶ್ವರ ಗುಡಿಯ ಆವರಣದಲ್ಲಿರುವ ಸುಮಾರು 890ರ ಶಾಸನವು ಬೆಂಗಳೂರಿನಲ್ಲಿ ನಡೆದ ಕಾಳಗವನ್ನು ಆ ಹೆಸರಿನಿಂದಲೇ ಹೇಳುತ್ತದೆ. ಅರಸನು ಹುಟ್ಟುವುದಕ್ಕೆ ಬಹಳ ಮೊದಲೇ ಊರಿಗೆ ಹೆಸರಿದ್ದ ಮೇಲೆ ಕಾಳು ಬೆಂದರೇನು, ಬೇಯದಿದ್ದರೇನು!

ಹಾಗೆಂದು ಐತಿಹ್ಯಗಳನ್ನು ಗುಡಿಸಿ ಹೊರಗೆಸೆಯಬೇಕೆಂದು ನಮ್ಮ ವಾದವಲ್ಲ. ಪರರ ಆಳ್ವಿಕೆಯ ಕಾಲದಲ್ಲಿ ನಮ್ಮ ಚರಿತ್ರೆಯೆಲ್ಲವೂ ಕಟ್ಟುಕಥೆಯೆಂದು ಜರೆದವರಿದ್ದರು. ಅದಕ್ಕೆ ಪ್ರತಿಯಾಗಿ ನಮ್ಮ ಕಟ್ಟುಕಥೆಗಳೆಲ್ಲವೂ ಚರಿತ್ರೆಯೆಂದು ಸಾಧಿಸುವುದು ಸ್ವಾಭಿಮಾನವಲ್ಲ. ಅದು ಆ ಜರೆಯುವಿಕೆಗೆ ನಾವೇ ಒದಗಿಸುವ ಸಾಕ್ಷ್ಯ. ಒಂದು ಸುಳ್ಳು ಬಯಲಾದರೆ ಅದರ ಪಕ್ಕದ ನಿಜವೂ ಸಂಶಯಕ್ಕೀಡಾಗುತ್ತದೆ. ಇತ್ತ ಪತ್ರಿಕಾವ್ಯವಸಾಯದ ನಮ್ಮವರೇ ಹೆಸರಾಂತ ಆಟಗಾರರನ್ನೂ ನಟರನ್ನೂ ‘ದಂತಕಥೆ’ ಎಂದು ಕರೆಯುತ್ತಿರುವುದು ಇಂಗ್ಲಿಷಿನ ಕುರುಡು ಅನುಕರಣೆ. ಕಣ್ಣೆದುರಿಗೆ ಆಡಿ ಗೆದ್ದವನನ್ನು ‘ನಿಜವೋ ಸುಳ್ಳೋ ತಿಳಿಯದ ಕಥೆ’ ಎಂದು ಕರೆಯುವುದು ಯಾವ ಬಗೆಯ ಗೌರವ?

ಆದುದರಿಂದ ದೇವಾಲಯಗಳ ಮುಂದೆ ಫಲಕಗಳನ್ನು ನಿಲ್ಲಿಸುವ ಅಧಿಕಾರಿಗಳಲ್ಲಿಯೂ ಪಠ್ಯಪುಸ್ತಕಗಳನ್ನು ಬರೆಯುವ ವಿದ್ವಾಂಸರಲ್ಲಿಯೂ ನಮ್ಮ ಬಿನ್ನಹವಿಷ್ಟೆ. ‘ಇತಿಹಾಸ’ ಎಂಬ ತಲೆಬರಹದ ಕೆಳಗೆ ಶಾಸನ, ಕಟ್ಟಡ, ದಫ್ತರುಗಳು ನುಡಿಯುವುದನ್ನು ಬರೆಯಲಿ. ‘ಐತಿಹ್ಯ’ ಎಂಬ ತಲೆಬರಹದ ಕೆಳಗೆ ಊರಿನ ಹಿರಿಯರು ಹೇಳುವುದನ್ನು ಅಷ್ಟೇ ಆದರದಿಂದ ಬರೆಯಲಿ. ಇದಕ್ಕೆ ಬೊಕ್ಕಸದಿಂದ ಹೆಚ್ಚಿನ ವೆಚ್ಚವೇನೂ ಇಲ್ಲ. ಎತ್ತಿನ ಹಲ್ಲು ನೋಡುವ ರೈತನು ಎತ್ತಿಗೆ ಅವಮಾನ ಮಾಡುವುದಿಲ್ಲ. ಪರೀಕ್ಷಿಸಿ ಕೊಂಡ ಮೇಲೆ ಅದರ ಕೊರಳಿಗೆ ಗೆಜ್ಜೆ ಕಟ್ಟಿ ಮೆರೆಸುತ್ತಾನೆ. ನಮ್ಮ ಕಥೆಗಳಿಗೂ ಆ ಪರೀಕ್ಷೆಯಾಗಲಿ, ಆ ಗೆಜ್ಜೆಯೂ ಇರಲಿ.