ಚಲಿಸುವ ಬುರುಜು: ಜರ್ಮನಿಯ ಪ್ಯಾಂಜರ್ ೪

೧೫೪೯ರಲ್ಲಿ ಎರಕಗೊಂಡ ವಿಜಯಪುರದ ಮಲಿಕ್-ಎ-ಮೈದಾನ್ ತೋಪು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಜನರಿಗೆ ಸುಪರಿಚಿತ. ಬುರುಜಿನಲ್ಲಿ ನೆಲೆನಿಂತ ಅಂತಹ ತೋಪಿಗೆ ಉಕ್ಕಿನ ಕವಚವೂ ಚಲನೆಯೂ ಕೂಡಿದರೆ ಅದೇ ಟ್ಯಾಂಕು.

ಜರ್ಮನಿಯ ಮಧ್ಯಮ ಟ್ಯಾಂಕಾದ ಪ್ಯಾಂಜರ್ ೪, ಐವರು ಯೋಧರನ್ನು ಹೊತ್ತು ೧೯೩೯ರಲ್ಲಿ ಪೋಲೆಂಡಿಗೆ ನುಗ್ಗಿತು. ಕಾಲಾಳುಗಳ ನೆರವಿಗೆಂದು ಅದಕ್ಕಿದ್ದುದು ೭೫ ಮಿಲಿಮೀಟರಿನ ಗಿಡ್ಡ ತೋಪು. ೧೯೪೧ರಲ್ಲಿ ರಷ್ಯದ ಟಿ-೩೪ ಟ್ಯಾಂಕಿನ ಇಳಿಜಾರು ಕವಚದೆದುರು ಆ ತೋಪು ಸಾಲದಾಯಿತು. ಆದರೆ ತೋಪನ್ನು ಹೊತ್ತ ಗೋಪುರದ ಬುಡವು ವಿಶಾಲವಾಗಿದ್ದುದರಿಂದ ೧೯೪೨ರಲ್ಲಿ ನೀಳವಾದ ತೋಪನ್ನು ಅಳವಡಿಸುವುದು ಸಾಧ್ಯವಾಯಿತು. ಅಂತೆಯೇ ಅದು ೧೯೪೫ರವರೆಗೂ ರಣದಲ್ಲಿ ನಿಂತಿತು.

ಆದರೂ ಸುಮಾರು ೮,೫೦೦ ಪ್ಯಾಂಜರ್ ೪ಗಳಿಗೆ ಇದಿರಾಗಿ ರಷ್ಯ, ಅಮೆರಿಕಗಳು ಹತ್ತಾರು ಸಾವಿರ ಟ್ಯಾಂಕುಗಳನ್ನು ನಿರ್ಮಿಸಿದವು. ಮೂಲರಚನೆಯ ದೂರದೃಷ್ಟಿ ಯಂತ್ರದ ಆಯುಷ್ಯವನ್ನು ಹೆಚ್ಚಿಸಿತೇ ಹೊರತು, ಆಕ್ರಮಣಕ್ಕಿಳಿದ ರಾಷ್ಟ್ರವನ್ನು ಸೋಲಿನಿಂದ ಕಾಯಲಿಲ್ಲ.